ಮಾಳಿಗೆ ಮನೆಗೆ ಹೊಸ ಸೌಕರ್ಯ: ಮಣ್ಣಿನ ಭಾರ, ನೀರಿನ ದಾರಿ, ಸುಣ್ಣದ ಕೆಲಸ

ವಿಜಯಪುರ, ಬಾಗಲಕೋಟೆ ಸೀಮೆಯ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು (ತೊಲೆ, ಅದರ ಮೇಲೆ ಅಡ್ಡ ಸಣ್ಣ ಜಂತಿ, ಅದರ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಡಿನ ಮನೆಗಳು) ಕೆಡುವುದು ಬಹುತೇಕ ಎರಡು ಕಾರಣಕ್ಕೆ. ಒಂದು, ಮಾಳಿಗೆ ಮೇಲೆ ವರ್ಷವರ್ಷವೂ ಏರಿದ ಮಣ್ಣು. ಇನ್ನೊಂದು, ಗೋಡೆಯ ಬುಡದಲ್ಲಿ ನಿಲ್ಲುವ ನೀರು. ಸೋರಿದಾಗಲೆಲ್ಲ ನಾಲ್ಕು ಬುಟ್ಟಿ ಮಣ್ಣು ಹಾಕುತ್ತ ಬಂದ ಮನೆಯಲ್ಲಿ ಮೂರು ತಲೆಮಾರಿಗೆ ಆರು ಇಂಚಿನ ಪದರು ಒಂದೂವರೆ ಅಡಿ ಆಗಿರುತ್ತದೆ. 10 ಅಡಿಗೆ 12 ಅಡಿಯ ಕೋಣೆ ಲೆಕ್ಕ ಹಾಕಿ: ಒಂದೂವರೆ ಅಡಿ ಮಣ್ಣು ಅಂದರೆ 180 ಘನ ಅಡಿ, ಹತ್ತಿರ ಹತ್ತಿರ ಎರಡು ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್). ಒಣಗಿದ್ದಾಗ ಸುಮಾರು 8 ಟನ್, ಮಳೆಗೆ ನೆನೆದರೆ ಇನ್ನೂ ಒಂದೂವರೆ ಟನ್. ಆರು ಇಂಚಿನ ಲೆಕ್ಕದಲ್ಲಿ ಇಟ್ಟ ತೊಲೆ ಅದನ್ನು ಹೊತ್ತು ನಿಂತಿದೆ ಅನ್ನುವುದೇ ದೊಡ್ಡದು.

ಆದ್ದರಿಂದ ಏಸಿ, ಗೀಸರ್, ಕಮೋಡು, ಸೋಲಾರ್ ಯಾವುದೇ ಇರಲಿ, ಈ ಎರಡು ಕೆಲಸ ಆದ ಮೇಲೆ. ಮೊದಲು ಟೈಲ್ಸ್ ಹಾಕಿಸಿ ಆಮೇಲೆ ಮಾಳಿಗೆ ಬಿಚ್ಚಿದವರು ಟೈಲ್ಸಿಗೆ ಎರಡು ಸಲ ದುಡ್ಡು ಕೊಡುತ್ತಾರೆ.

ಕೈ ಹಾಕುವ ಮುಂಚೆ

ಎರೆ ಭೂಮಿಯ ಮೇಲಿನ ಮನೆಯನ್ನು ಕನಿಷ್ಠ ಒಂದು ಬೇಸಿಗೆ, ಒಂದು ಮಳೆಗಾಲ ನೋಡಬೇಕು. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲಿನ ಗೋಡೆಯೂ ಜೊತೆಗೆ ಏಳುತ್ತದೆ, ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬೆರಳು ತೂರುವ ಬಿರುಕು ಸೆಪ್ಟೆಂಬರಿನಲ್ಲಿ ತಾನೇ ಮುಚ್ಚಿಕೊಂಡರೆ ಅದು ಭೂಮಿಯ ಉಸಿರಾಟ. ಎರಡೂ ಕಾಲದಲ್ಲಿ ಬೆಳೆಯುತ್ತಲೇ ಇದ್ದರೆ ಗೋಡೆ ನಿಜವಾಗಿ ಜರುಗುತ್ತಿದೆ. ತಿಳಿಯುವ ಉಪಾಯ ಅಗ್ಗದ್ದು: ಬಿರುಕಿಗೆ ಅಡ್ಡಲಾಗಿ 2 ಮಿ.ಮೀ. ಗಾಜಿನ ತುಂಡನ್ನು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಗಿಲಾವ, ಅಂದರೆ ಗೋಡೆಯ ಮೇಲಿನ ಲೇಪ, ಮೊದಲು ಕೆರೆದು ಗಟ್ಟಿ ಕಲ್ಲಿನ ಮೇಲೇ ಅಂಟಿಸಬೇಕು. ಸಡಿಲ ಗಿಲಾವದ ಮೇಲೆ ಅಂಟಿಸಿದ ಗಾಜು ಏನನ್ನೂ ಹೇಳುವುದಿಲ್ಲ.

ಗೋಡೆ ಹೊಟ್ಟೆ ಬಿಟ್ಟಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ನೋಡಿ. ಈ ಸೀಮೆಯ ಎರಡು-ಮೂರು ಅಡಿ ದಪ್ಪದ ಗೋಡೆಗೆ ಹೊರಗೊಂದು ಒಳಗೊಂದು ಕಲ್ಲಿನ ಮೈ ಇದ್ದು, ನಡುವೆ ಮಣ್ಣು, ಚೂರು ಕಲ್ಲು ತುಂಬಿರುತ್ತದೆ. ಎರಡೂ ಮೈಗಳನ್ನು ಹಿಡಿದಿಡುವ ಉದ್ದನೆ ಅಡ್ಡಗಲ್ಲು ಕಡಿಮೆಯಾದ ಕಡೆ ನಡುವಿನ ಮಣ್ಣು ನೆನೆದು ಕುಸಿದು ಹೊರಮೈ ಉಬ್ಬುತ್ತದೆ. ಉಬ್ಬು ಎರಡು ಇಂಚು ದಾಟಿದ್ದರೆ ಗಿಲಾವದಿಂದ ಮುಚ್ಚುವ ಮಾತೇ ಬೇಡ. ಆ ಭಾಗವನ್ನು ಬಿಚ್ಚಿ, ಎತ್ತರದಲ್ಲಿ ಎರಡೆರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಗೆ ಒಂದರಂತೆ ಅಡ್ಡಗಲ್ಲು ಹಾಕಿ ಮರಳಿ ಕಟ್ಟಬೇಕು. ಒಂದೇ ಸಲಕ್ಕೆ ನಾಲ್ಕು ಅಡಿಗಿಂತ ಹೆಚ್ಚು ಉದ್ದ ಬಿಚ್ಚಬಾರದು.

ಕಾಗದದ ವಿಷಯ ಎರಡು ಮಾತಿನಲ್ಲಿ. ಸಿಟಿ ಸರ್ವೇ ಉತಾರದಲ್ಲಿ (ಆಸ್ತಿ ದಾಖಲೆಯಲ್ಲಿ) ಯಾರ ಯಾರ ಹೆಸರಿದೆ ನೋಡಿ. ವಾಟ್ನಿ (ಪಾಲು) ಆದ ವಾಡೆಯಲ್ಲಿ ನಡುಗೋಡೆ ನಿಮ್ಮದಾದರೂ ಅದರ ಮೇಲೆ ಹಾಯ್ದ ತೊಲೆ ಇಬ್ಬರದೂ ಆಗಿರುತ್ತದೆ. ನಿಮ್ಮ ಕಡೆ ಕತ್ತರಿಸಿದರೆ ಅಣ್ಣನ ಕಡೆಯ ಮಾಳಿಗೆ ಕೂರುತ್ತದೆ. ಎರಡನೆಯದು ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರಿಗೆ ಮುಖ್ಯ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮುಂಚಿನಿಂದ ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಲು ಅವಕಾಶವಿದೆ. ಅಳತೆ ಹಿಡಿಯುವುದು ಗುಮ್ಮಟದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಗುಂಡಿ ತೋಡುವುದನ್ನೂ ಅರ್ಜಿಯಲ್ಲೇ ಬರೆಯಿರಿ. ಮನೆ ಹಳೆಯದು ಎನ್ನುವುದಕ್ಕೆ ಹಳೆ ಉತಾರ, ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಈಗಿನ ನಾಲ್ಕೂ ಬದಿಯ ಫೋಟೋ ಜೋಡಿಸಿಟ್ಟುಕೊಳ್ಳಿ.

ಮಾಳಿಗೆ ಇಳಿಸುವುದು, ಏರಿಸುವುದು

ಕಾಲ: ದೀಪಾವಳಿ ಮುಗಿದ ಮೇಲೆ ಬಿಚ್ಚಿ, ಯುಗಾದಿಯೊಳಗೆ ಮುಚ್ಚಿ. ಸುಣ್ಣದ ಕೆಲಸಕ್ಕೆ ಡಿಸೆಂಬರ್–ಫೆಬ್ರವರಿ ತಕ್ಕ ಹೊತ್ತು. ಮೇ ಬಿಸಿಲಿನಲ್ಲಿ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಮಣ್ಣು ತೆಗೆಯುವ ಮುಂಚೆ ಒಳಗಿನಿಂದ ಪ್ರತಿ ತೊಲೆಗೂ ನಡುವೆ ಒಂದು ಕಬ್ಬಿಣದ ಜಾಕ್ ಕೊಡಿ. ಜಾಕ್ ನೆಲದ ಸಗಣಿ ಸಾರಣೆ ಮೇಲೆ ನೇರವಾಗಿ ನಿಲ್ಲಬಾರದು, ಕೆಳಗೆ 2 ಇಂಚು ದಪ್ಪದ ಹಲಗೆ ಬೇಕು. ತೊಲೆಯನ್ನು ಎತ್ತಲು ಹೋಗಬೇಡಿ, ತಾಗಿ ನಿಂತರೆ ಸಾಕು. ನೂರು ವರ್ಷಕ್ಕೆ ಬಾಗಿದ್ದನ್ನು ಒಂದು ದಿನದಲ್ಲಿ ನೇರ ಮಾಡಹೊರಟರೆ ಮಾಳಿಗೆಯ ಅಂಚಿನ ಕುಂಬಿ (ಗಿಡ್ಡ ಗೋಡೆ) ಸೀಳುತ್ತದೆ. ಮಣ್ಣನ್ನು ನಾಲ್ಕು ಇಂಚಿನ ಪದರು ಪದರಾಗಿ ಇಡೀ ಮಾಳಿಗೆಯಿಂದ ಸಮನಾಗಿ ತೆಗೆಯಬೇಕು. ಒಂದು ಮೂಲೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಮೂಲೆಯಲ್ಲಿ ಗುಡ್ಡೆ ಹಾಕಿದರೆ ಆ ಗುಡ್ಡೆಯಡಿಯ ಜಂತಿ ಮುರಿಯುತ್ತದೆ. ಕೆಲಸ ಮಾಡುವವರು ಜಂತಿ ಮೇಲೆ ಹಲಗೆ ಹಾಸಿಕೊಂಡು ನಿಲ್ಲಲಿ. ಕೊನೆಯ ಪದರಿನ ಬೇವಿನ ತಪ್ಪಲು, ತೊಗರಿ ಕಟ್ಟಿಗೆಯ ನಡುವೆ ಚೇಳು ಗ್ಯಾರಂಟಿ. ಕೈಗವಸು ಇಲ್ಲದೆ ಕೈ ತೂರಿಸುವುದು ಬೇಡ.

ಜಂತಿ-ತೊಲೆ ಬಯಲಾದ ಮೇಲೆ ಸುತ್ತಿಗೆಯಿಂದ ಬಡಿದು ಕೇಳಿ. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ಗೆದ್ದಲು ತಿಂದದ್ದು ಬದ್ ಎನ್ನುತ್ತದೆ. ಆಮೇಲೆ ದಬ್ಬಣ ಚುಚ್ಚಿ: ಕಾಲು ಇಂಚಿಗಿಂತ ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ. ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತುದಿ, ಏಕೆಂದರೆ ಅಲ್ಲಿ ತೇವ ಇದೆ, ಗಾಳಿ ಇಲ್ಲ. ಮೇಲಿನಿಂದ ನೋಡಿ ಚೆನ್ನಾಗಿದೆ ಅಂದುಕೊಂಡ ತೊಲೆಯ ತುದಿಯನ್ನು ಗೋಡೆ ಸ್ವಲ್ಪ ಕೆತ್ತಿ ಪರೀಕ್ಷಿಸಲೇಬೇಕು. ತುದಿಯ ಒಂದು ಅಡಿ ಮಾತ್ರ ಹೋಗಿದ್ದರೆ ಇಡೀ ಸಾಗವಾನಿ ತೊಲೆ ಬಿಸಾಡುವುದು ಹುಚ್ಚುತನ. ಕೊಳೆತದ್ದನ್ನು ಕತ್ತರಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು 12 ಮಿ.ಮೀ. ಬೋಲ್ಟಿನಿಂದ ಬಿಗಿದು ಗೋಡೆಯವರೆಗೆ ಒಯ್ಯಬಹುದು; ಪಟ್ಟಿಯ ಅಳತೆ, ಬೋಲ್ಟಿನ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಲಿ. ಮರಳಿ ಕೂರಿಸುವಾಗ ತುದಿ ಮಣ್ಣಿನ ಮೇಲೆ ಕೂರದೆ ಚಪ್ಪಟೆ ಕಲ್ಲಿನ ಮೇಲೆ ಕೂರಬೇಕು, ಸುತ್ತ ಅರ್ಧ ಇಂಚು ಸಂದಿ ಇರಬೇಕು. ಆ ಸಂದಿಯನ್ನು ಗೌಂಡಿ ಸಿಮೆಂಟಿನಿಂದ ಅಚ್ಚುಕಟ್ಟಾಗಿ ಮುಚ್ಚಿಬಿಡುತ್ತಾನೆ. ಪಕ್ಕದಲ್ಲಿ ನಿಂತು ಬೇಡ ಅನ್ನಬೇಕು.

ಬಾಗಿದ್ದೆಲ್ಲ ಕೆಟ್ಟದ್ದಲ್ಲ. ತೊಲೆಯ ಕೆಳಗೆ ತುದಿಯಿಂದ ತುದಿಗೆ ದಾರ ಬಿಗಿದು ಅಳೆಯಿರಿ. 10 ಅಡಿಗೆ ಅರ್ಧ ಇಂಚು ಬಾಗಿದ್ದರೆ ಇರಲಿ. ಭಾರ ಇಳಿಸಿದ ಮೇಲೂ ಒಂದು ಇಂಚಿಗಿಂತ ಹೆಚ್ಚು ಉಳಿದಿದ್ದರೆ ನಡುವೆ ಇನ್ನೊಂದು ತೊಲೆ, ಇಲ್ಲವೆ ಪಕ್ಕಕ್ಕೆ ಕಬ್ಬಿಣದ ಚಾನೆಲ್ ಬೇಕಾಗುತ್ತದೆ.

ಹೊಸ ಮೈ ಏರಿಸುವ ಕ್ರಮ ಹೀಗೆ. ಜಂತಿ ಮೇಲೆ 1 ಇಂಚಿನ ಹಲಗೆ. ಅದರ ಮೇಲೆ 2 ಇಂಚು ಮಸಾರಿ (ಕೆಂಪು) ಮಣ್ಣು, ಹತ್ತಕ್ಕೆ ಒಂದು ಪಾಲು ಸುಣ್ಣ ಬೆರೆಸಿ ಬಡಿದದ್ದು. ಇಳಿಜಾರನ್ನು ಈ ಪದರಲ್ಲೇ ಕೊಡಿ, 10 ಅಡಿಗೆ 2 ಇಂಚು. ಮೇಲೆ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಹಾಳೆ ಒಂದು ಅಡಿ ಮೇಲೇರಿರಬೇಕು, ಕುಂಬಿಯ ಒಳಮೈಗೆ 9 ಇಂಚು ಹತ್ತಿರಬೇಕು. ಸೋರಿಕೆ ಬಹಳ ಸಲ ಶುರುವಾಗುವುದು ಮಾಳಿಗೆಯ ನಡುವೆ ಅಲ್ಲ, ಕುಂಬಿ ಕೂಡುವ ಈ ಮೂಲೆಯಲ್ಲಿ. ಹಾಳೆಯ ಮೇಲೆ ಇಟ್ಟಿಗೆ ಜಲ್ಲಿಯ ಗಚ್ಚು: ಹೊಡೆದ ಮೇಲೆ 3 ಇಂಚು ಉಳಿಯಬೇಕಾದರೆ ಹಾಕುವಾಗ 4 ಇಂಚು. 120 ಚದರ ಅಡಿಗೆ 1 ಇಂಚಿನ ಜಲ್ಲಿ 40 ಘನ ಅಡಿ, ಸುಣ್ಣದ ಗಾರೆ 16 ಘನ ಅಡಿ ಬೇಕು. ಗಾರೆಗೆ ಒಂದು ಪಾಲು ಸುಣ್ಣ, ಎರಡು ಪಾಲು ಸುಟ್ಟ ಇಟ್ಟಿಗೆ ಪುಡಿ. ಕಟ್ಟಿಗೆ ಕೊಡತಿಯಿಂದ ಬೆಲ್ಲದ ನೀರು ಚಿಮುಕಿಸುತ್ತ ಹೊಡೆಯಬೇಕು. ನೀರಿನ ಅಳತೆ 100 ಲೀಟರಿಗೆ 3 ಕೆಜಿ ಬೆಲ್ಲ, ಒಂದೂವರೆ ಕೆಜಿ ಬೇಲದ ಹಣ್ಣು ಕುದಿಸಿದ್ದು. ಕೊಡತಿ ಬಿದ್ದ ಗುರುತು ಮೂಡದೆ ಪುಟಿದು ಬರುವವರೆಗೆ, ಅಂದರೆ ಮೂರು-ನಾಲ್ಕು ದಿನ. ಆಮೇಲೆ ಹತ್ತು ದಿನ ಒದ್ದೆ ಗೋಣಿಚೀಲ. ಎಲ್ಲಕ್ಕೂ ಮೇಲೆ ಬಿಳಿ ಸಿರಾಮಿಕ್ ಚೂರಿನ ಚೈನಾ ಮೊಸಾಯಿಕ್. ಮಣ್ಣು ತೆಳುವಾದ್ದರಿಂದ ಕಳೆದುಕೊಂಡ ತಂಪನ್ನು ಆ ಬಿಳುಪು ಬಹುಪಾಲು ಮರಳಿಸುತ್ತದೆ. 8 ಟನ್ ಇದ್ದ ಭಾರ ಈಗ ಸುಮಾರು 3 ಟನ್.

ಪೂರ್ತಿ ಮಣ್ಣಿನ ಮಾಳಿಗೆಯೇ ಇರಲಿ ಅನ್ನುವವರಿಗೂ ದಾರಿಯಿದೆ. ಒಟ್ಟು 6 ಇಂಚು, ಮೇಲಿನ ಒಂದೂವರೆ ಇಂಚು ಸವಳು ಮಣ್ಣು. ಸವಳಿನಲ್ಲಿರುವ ಸೋಡಿಯಂನಿಂದ ಜೇಡಿಯ ಕಣ ಬಿಡಿಬಿಡಿಯಾಗಿ ಹರಡಿ ಸಂದಿಗಳನ್ನು ಮುಚ್ಚುತ್ತದೆ. ಹಿರಿಯರು ಅದನ್ನೇ ಆರಿಸಿ ತರುತ್ತಿದ್ದದ್ದು ಸುಮ್ಮನೆ ಅಲ್ಲ. ಅದೇ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಮೊಳೆ ಹೊಡೆದ ಹಲಗೆಗೆ ತಾಗಕೂಡದು. ವರ್ಷಕ್ಕೊಮ್ಮೆ ಹಾಕುವಾಗ ಹಾಕಿದಷ್ಟೇ ಕೆರೆದು ತೆಗೆಯಿರಿ.

ಆರ್‌ಸಿಸಿ ಸ್ಲ್ಯಾಬ್ ಯಾಕೆ ಬೇಡ? ಭಾರದ ಕಾರಣಕ್ಕಲ್ಲ. 4 ಇಂಚಿನ ಸ್ಲ್ಯಾಬು ಒಂದೂವರೆ ಅಡಿ ಮಣ್ಣಿಗಿಂತ ಹಗುರ. ತೊಂದರೆ ಬೇರೆ. ಮಾಳಿಗೆ ಮನೆಯಲ್ಲಿ ಭಾರ ಹೊರುವುದು ಬಹುಪಾಲು ಕಟ್ಟಿಗೆ ಕಂಬ. ಗೋಡೆ ತೊಲೆಯ ತುದಿಗಳನ್ನಷ್ಟೇ ಹೊತ್ತು, ಉಳಿದಂತೆ ಮರೆಗೆ ನಿಂತಿರುತ್ತದೆ. ಸ್ಲ್ಯಾಬು ಕಂಬ ಬಿಟ್ಟು ಗೋಡೆಯ ಮೇಲೆ ಕೂರುತ್ತದೆ. ಮೂವತ್ತು ಅಡಿ ಸ್ಲ್ಯಾಬು ಹಗಲು ಕಾದು ರಾತ್ರಿ ಆರುವಾಗ 3 ಮಿ.ಮೀ. ತನಕ ಹಿಗ್ಗಿ ಕುಗ್ಗುತ್ತದೆ, ಪ್ರತಿದಿನ ಗೋಡೆಯ ತಲೆಯನ್ನು ಎಳೆದಾಡುತ್ತದೆ. ಮಣ್ಣಿನ ಗಾರೆಗೆ ಆ ಎಳೆತ ತಡೆಯುವ ಶಕ್ತಿ ಇಲ್ಲ. ಸ್ಲ್ಯಾಬೇ ಬೇಕಾದರೆ ಸ್ವಂತ ಕಂಬ, ಸ್ವಂತ ಬುನಾದಿ ಇರುವ ಹೊಸ ಕೋಣೆಯನ್ನು ಹಿತ್ತಲಲ್ಲಿ ಕಟ್ಟಿ.

ನೀರಿಳಿಯಲು 400 ಚದರ ಅಡಿಗೆ ಒಂದು 4 ಇಂಚಿನ ಪೈಪು. ಹಳೆ ಕಲ್ಲಿನ ದೋಣಿ ಚೆಂದಕ್ಕೆ ಇರಲಿ, ಆದರೆ ಅದರ ನೀರು ಗೋಡೆಯ ಬುಡಕ್ಕೆ ಬೀಳದಂತೆ ಗೋಡೆಯಿಂದ ಎರಡು ಅಡಿ ಆಚೆ ಬೀಳಬೇಕು.

ಗೋಡೆ: ಸಿಮೆಂಟ್ ಕೆರೆಯಿರಿ, ಸುಣ್ಣ ಹಚ್ಚಿರಿ

ಹಳೆ ಗೋಡೆಗೆ ಅಡಿಯಲ್ಲಿ ಸಿಮೆಂಟಿನ ಪಟ್ಟಿಯಿಲ್ಲ. ಭೂಮಿಯ ತೇವ ಮೇಲೇರಿ ಎರಡೂ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟ್ ಗಿಲಾವ ಆ ದಾರಿ ಮುಚ್ಚುತ್ತದೆ. ತೇವ ಇನ್ನೂ ಮೇಲೇರಿ ಮೂರಡಿ, ನಾಲ್ಕಡಿ ಎತ್ತರದಲ್ಲಿ ಹೊರಬೀಳುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ, ಕೊನೆಗೆ ಸಿಮೆಂಟು ಮಣ್ಣಿನ ಹೆಂಟೆ ಸಮೇತ ಕಳಚಿ ಬೀಳುತ್ತದೆ. ಹಾಗೆ ಬಿದ್ದ ಜಾಗಕ್ಕೆ ಇನ್ನೂ ಗಟ್ಟಿ ಸಿಮೆಂಟ್ ಹಾಕುವುದು ಎಲ್ಲ ಊರಲ್ಲೂ ನಡೆಯುವ ತಪ್ಪು.

ಸಿಮೆಂಟನ್ನು ಉಳಿಯಿಂದ ನಿಧಾನ ಕೆರೆಯಿರಿ, ಬ್ರೇಕರ್ ಮಶೀನ್ ಬೇಡ. ಸಂದಿಗಳನ್ನು ಒಂದು ಇಂಚು ಆಳ ಕೆದಕಿ, ಎರಡು-ಮೂರು ವಾರ ಆರಲು ಬಿಡಿ, ಗಿಲಾವ ಹಚ್ಚುವ ಮುಂಚೆ ನೀರು ಚಿಮುಕಿಸಿ. ಸುಣ್ಣದ ತಯಾರಿಗೆ ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಬೇಕು. ಹರಳಿನ ಮೇಲೆ ನೀರು ಸುರಿದರೆ ಸಿಡಿದು ಕಣ್ಣು ಹೋಗುತ್ತದೆ. ಕಬ್ಬಿಣದ ಡ್ರಮ್ ಇಲ್ಲವೆ ಕಲ್ಲಿನ ಗುಂಡಿಯಲ್ಲೇ ಮಾಡಿ, ಪ್ಲಾಸ್ಟಿಕ್ ಡ್ರಮ್ ಆ ಬಿಸಿಗೆ ಮೆತ್ತಗಾಗುತ್ತದೆ. ಅರಳಿದ್ದನ್ನು ಸೊಳ್ಳೆ ಪರದೆಯಷ್ಟು ಸಣ್ಣ ಜಾಲರಿಯಲ್ಲಿ ಸೋಸಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಕನಿಷ್ಠ 15 ದಿನ, ಸಾಧ್ಯವಾದರೆ ಒಂದು ತಿಂಗಳು ಇಡಿ. ಅರಳದ ಹರಳು ಗಿಲಾವದಲ್ಲಿ ಉಳಿದರೆ ತಿಂಗಳುಗಟ್ಟಲೆ ಆದ ಮೇಲೆ ಅಲ್ಲಿ ಅರಳಿ, ಗೋಡೆಯ ಮೇಲೆ ಸಿಡುಬಿನಂಥ ಗುಳಿ ಬೀಳುತ್ತದೆ.

ಗಿಲಾವಕ್ಕೆ ಒಂದು ಪಾಲು ಸುಣ್ಣದ ಮುದ್ದೆ, ಮೂರು ಪಾಲು ತೊಳೆದ ಉಸುಕು. 100 ಚದರ ಅಡಿ ಗೋಡೆಗೆ ಮುಕ್ಕಾಲು ಇಂಚು ದಪ್ಪಕ್ಕೆ ಉಸುಕು 7 ಘನ ಅಡಿ, ಮುದ್ದೆ ಸುಮಾರು 65 ಲೀಟರ್. ಮಳೆ ಹೊಡೆಯುವ ಮುಖಕ್ಕೆ ಉಸುಕಿನಲ್ಲಿ ಒಂದು ಪಾಲು ತೆಗೆದು ಇಟ್ಟಿಗೆ ಪುಡಿ ಹಾಕಿ, ಗಟ್ಟಿ ಬೇಗ ಬರುತ್ತದೆ. ಒಮ್ಮೆಗೆ ಅರ್ಧ ಇಂಚಿಗಿಂತ ದಪ್ಪ ಬಳಿಯಬೇಡಿ. ಮೊದಲ ಪದರಿಗೆ ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳು ಇಳಿಯಬಾರದು, ಆಗ ಎರಡನೆಯದು. ವಾರದಿಂದ ಹತ್ತು ದಿನ ಗೋಣಿಚೀಲ ಕಟ್ಟಿ ತೇವ ಕಾಯಿರಿ. ಕೊನೆಗೆ ಹಾಲಿನಷ್ಟು ತೆಳು ಸುಣ್ಣ, ಮೂರು ಕೈ. ದಪ್ಪಗೆ ಒಂದೇ ಕೈ ಬಳಿದದ್ದು ಒರಗಿದವರ ಮೈಗೆ ಹತ್ತುತ್ತದೆ, ಪುಡಿ ಉದುರುತ್ತದೆ. ಡಿಸ್ಟೆಂಪರ್, ಪ್ಲಾಸ್ಟಿಕ್ ಪೇಂಟ್ ಇದರ ಮೇಲೆ ಬೇಡ.

ಒಳಗೋಡೆಗೆ ಮಣ್ಣಿನ ಗಿಲಾವ ಸಾಕು: ಮಸಾರಿ ಮಣ್ಣು, ಉಸುಕು, ಗೋಧಿ ಹೊಟ್ಟು ಕಲಸಿ ವಾರ ಹುದುಗಿಟ್ಟದ್ದು. ಎರೆ ಮಣ್ಣು ಬೆರೆತರೆ ಒಣಗುವಾಗ ಹಲಗೆ ಹಲಗೆಯಾಗಿ ಬಿರಿಯುತ್ತದೆ. ಎರಡು ಅಡಿ ಚೌಕ ಹಚ್ಚಿ ಮೂರು ದಿನ ಬಿಟ್ಟು ನೋಡಿ. ಬಿರುಕು ಕಂಡರೆ ಉಸುಕು ಹೆಚ್ಚಿಸಿ, ಕೈಗೆ ಪುಡಿ ಹತ್ತಿದರೆ ಮಣ್ಣು ಹೆಚ್ಚಿಸಿ.

ದನ ಕಟ್ಟುತ್ತಿದ್ದ ಜಾಗದ ಗೋಡೆ ಬೇರೆಯೇ ರೋಗ. ಅಷ್ಟೂ ವರ್ಷದ ಗಂಜಲ ಇಂಗಿ ಸೋರುಪ್ಪು ತುಂಬಿರುತ್ತದೆ. ಆ ಉಪ್ಪು ಗಾಳಿಯ ತೇವ ಹೀರಿ ಮಳೆಗಾಲದಲ್ಲಿ ಬೆವರುತ್ತದೆ, ಬೇಸಿಗೆಯಲ್ಲಿ ಹರಳುಗಟ್ಟಿ ಗಿಲಾವ ತಳ್ಳುತ್ತದೆ. ಅಲ್ಲಿ ನೆಲದ ಮಣ್ಣನ್ನು ಒಂದು ಅಡಿ ತೆಗೆದು ಹೊರಹಾಕಿ. ಗೋಡೆಗೆ ಬುಡದಿಂದ ನಾಲ್ಕು ಅಡಿ ಸಡಿಲವಾದ ಸುಣ್ಣದ ಗಿಲಾವ, ಒಂದಕ್ಕೆ ನಾಲ್ಕು ಉಸುಕು, ಬಳಿದು ಒಂದು ವರ್ಷ ಬಿಡಿ. ಉಪ್ಪು ಅದಕ್ಕೆ ಬಂದು ಕೂರುತ್ತದೆ. ಮುಂದಿನ ವರ್ಷ ಅದನ್ನು ಕೆರೆದು ಬಿಸಾಕಿ ಖಾಯಂ ಗಿಲಾವ ಮಾಡಿ. ಈ ಕೋಣೆಯನ್ನು ಮೊದಲ ವರ್ಷವೇ ಮಲಗುವ ಕೋಣೆ ಮಾಡಲು ಅವಸರ ಪಟ್ಟರೆ ಪೇಂಟಿನ ಖರ್ಚು ಗೋವಿಂದ.

ನೆಲ ಮತ್ತು ಕಂಬದ ಬುಡ

ಕಟ್ಟಿಗೆ ಕಂಬ ಅಡಿಗಲ್ಲಿನ ಮೇಲೆ ನಿಂತಿರುತ್ತದೆ, ಕಲ್ಲು ನೆಲದಿಂದ ಕೆಲವು ಇಂಚು ಮೇಲೆ ಎದ್ದಿರುತ್ತದೆ. ಹೊಸ ನೆಲ ಮೇಲೇರಿ ಆ ಕಲ್ಲು ಮುಚ್ಚಿದರೆ, ನೆಲ ಒರೆಸಿದ ನೀರು ಕಂಬದ ಬುಡಕ್ಕೆ ಇಳಿದು, ಸುತ್ತಲಿನ ಸಿಮೆಂಟಿನಲ್ಲಿ ಸಿಕ್ಕಿದ ಬುಡ ಕೊಳೆಯುತ್ತದೆ. ಮೊದಲು ಹಳೆ ನೆಲವನ್ನು ಬೇಕಾದಷ್ಟು ಇಳಿಸಿ, ಅಡಿಗಲ್ಲಿನ ತಲೆ ಕನಿಷ್ಠ 2 ಇಂಚು ಮೇಲೆ ಕಾಣುವಂತೆ ಹೊಸ ಮಟ್ಟ ಗುರುತು ಹಾಕಿಕೊಳ್ಳಿ.

ಕೆಳಗೆ ಒಂದೂವರೆ ಇಂಚಿನ ಕಡಿ (ಜಲ್ಲಿಕಲ್ಲು) 4 ಇಂಚು ದಪ್ಪ, ಉಸುಕು ಬೆರೆಸದೆ. ಕಡಿಯ ನಡುವಿನ ದೊಡ್ಡ ಸಂದಿಯಿಂದ ತೇವ ಮೇಲೇರಲಾರದು, ಉಸುಕು ತುಂಬಿದರೆ ಏರುತ್ತದೆ. ಅದರ ಮೇಲೆ 3 ಇಂಚು ಸುಣ್ಣದ ಗಚ್ಚು, ಮೇಲೆ ಶಹಾಬಾದ್ ಫರಸಿ, ಸಂದಿಗೂ ಸುಣ್ಣದ ಗಾರೆಯೇ. ಪ್ಲಾಸ್ಟಿಕ್ ಹಾಸಿ ಸಿಮೆಂಟ್ ಹಾಕಿ ವಿಟ್ರಿಫೈಡ್ ಟೈಲ್ ಕೂರಿಸಿದ ಮನೆಯಲ್ಲಿ ನೆಲ ಒಣಗಿರುತ್ತದೆ ನಿಜ. ನೆಲದಡಿಯ ತೇವ ಎಲ್ಲ ಗೋಡೆ, ಕಂಬಕ್ಕೆ ಸರಿದಿರುತ್ತದೆ. ಒಳಗೆ ಕಾಳು ತುಂಬಿಡುವ ನೆಲದಡಿಯ ಹಗೇವು ಇದ್ದರೆ ಬಾಯಿ ಮುಚ್ಚಿ ಮೇಲೆ ಫರಸಿ ಹಾಕುವುದಲ್ಲ, ತಳದಿಂದ ಮುರುಮು ಪದರು ಪದರಾಗಿ ತುಂಬಿ ಬಡಿಯಬೇಕು. ಅದರಲ್ಲಿ ಇಳಿಯುವ ಮುಂಚೆ ಒಂದು ದಿನ ಬಾಯಿ ತೆರೆದಿಟ್ಟು ಗಾಳಿ ಆಡಿಸಿ. ಮುಚ್ಚಿದ ಹಗೇವಿನಲ್ಲಿ ಉಸಿರಾಟದ ಗಾಳಿ ಇರುವುದಿಲ್ಲ, ಇಳಿದವರು ಸಾಯುತ್ತಾರೆ.

ಹೊರಗೆ ಗೋಡೆಯ ಸುತ್ತ ಮೂರು ಅಡಿ ಅಗಲ ಕಲ್ಲು ಹಾಸಿ ಹೊರಕ್ಕೆ ಇಳಿಜಾರು ಕೊಡಿ, ಅಡಿಗೆ ಅರ್ಧ ಇಂಚಿನಂತೆ. ಎರೆ ಭೂಮಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಕಾರದ ಕೆಲಸ ಇನ್ನೊಂದಿಲ್ಲ.

ಬಚ್ಚಲು, ಸಂಡಾಸ, ಅಡುಗೆಮನೆ

ನೀರಿನ ಕೆಲಸವೆಲ್ಲ ಮಣ್ಣಿನ ಗೋಡೆಯಿಂದ ದೂರ. ತಕ್ಕ ಜಾಗ ಹಿತ್ತಲು, ಇಲ್ಲವೆ ತಲಬಾಗಿಲ ಒಳಗಿನ ತಗ್ಗಿನ ದನದ ಜಾಗ. ಎರಡನೆಯದರಲ್ಲಿ ಪಡಸಾಲೆಯಿಂದ ಎರಡು-ಮೂರು ಅಡಿ ಇಳಿಯಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಆರು ಇಂಚಿನ ಮೆಟ್ಟಿಲು, ಎರಡೂ ಬದಿ ಹಿಡಿಕೆ ಹಾಕಿಸಿ. ಬಚ್ಚಲಿಗೆ ತನ್ನದೇ 4 ಇಂಚಿನ ಇಟ್ಟಿಗೆ ಗೋಡೆ ಕಟ್ಟಿ, ಹಳೆ ಗೋಡೆಗೂ ಅದಕ್ಕೂ ನಡುವೆ 2 ಇಂಚು ಗಾಳಿ ಬಿಡಿ. ಮೇಲೆ ಕೆಳಗೆ ಜಾಲರಿ ಇರಲಿ, ಇಲ್ಲದಿದ್ದರೆ ಆ ಸಂದಿ ಇಲಿಗಳ ಊರಾಗುತ್ತದೆ.

ಪೈಪುಗಳನ್ನು ಗೋಡೆ ಕೊರೆದು ಹೂಳದೆ ಹೊರಮೈಯಲ್ಲೇ ಕ್ಲಾಂಪ್ ಹಾಕಿ ಓಡಿಸಿ. ಕಾಣುತ್ತದೆ ಅಂತ ಬೇಸರ ಬೇಡ; ಕಾಣುವ ಪೈಪು ಸೋರಿದರೆ ಅದೇ ದಿನ ಗೊತ್ತಾಗುತ್ತದೆ, ಹೂತ ಪೈಪು ಸೋರಿದ್ದು ಗೋಡೆ ಜಾರಿದ ಮೇಲೆ ಗೊತ್ತಾಗುತ್ತದೆ. ಸಂಡಾಸದ 4 ಇಂಚಿನ ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು. ನೆಲಕ್ಕೆ, ಗೋಡೆಗೆ ಒಂದು ಅಡಿ ಎತ್ತರದವರೆಗೆ ನೀರು ನಿರೋಧಕ ಹಚ್ಚಿ, ಟೈಲ್ಸಿಗೆ ಮುಂಚೆ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ನೋಡಿ. ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಮನೆಯಿಂದ 20 ಅಡಿ ಆಚೆಗಿರಲಿ. ಎರೆ ಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಹತ್ತಿರದ ಗುಂಡಿ ಗೋಡೆಯಡಿಯ ಮಣ್ಣನ್ನೇ ಉಬ್ಬಿಸುತ್ತದೆ. ಎರೆ ನೆಲದಲ್ಲಿ ಪೈಪು ಗೋಡೆಯಿಂದ ಹೊರಬರುವ ಕಡೆ ಬಿಗಿಯಾಗಿ ಗಾರೆ ತುಂಬಿದರೆ ನೆಲ ಏರಿಳಿದಾಗ ಅಲ್ಲೇ ಮುರಿಯುತ್ತದೆ. ಸುತ್ತ ಒಂದು ಇಂಚು ಬಿಟ್ಟು ಮೆತ್ತನೆಯ ಸೀಲಂಟ್ ತುಂಬಿ.

1,000 ಲೀಟರ್ ಟ್ಯಾಂಕು ಅಂದರೆ ಒಂದು ಟನ್. ಹಳೆ ಮಾಳಿಗೆ ಮೇಲೆ ಇಡಬೇಡಿ. ಹಿತ್ತಲಲ್ಲಿ ಸ್ವಂತ ಬುನಾದಿಯ ಕಬ್ಬಿಣದ ಚೌಕಟ್ಟು ನಿಲ್ಲಿಸಿದರೆ ಟ್ಯಾಂಕು, ಸೋಲಾರ್ ವಾಟರ್ ಹೀಟರ್ ಎರಡೂ ಅದರ ಮೇಲೆ ಕೂರುತ್ತವೆ. ಸೋಲಾರ್ ವಿದ್ಯುತ್ ಫಲಕಕ್ಕೆ ಭಾರಕ್ಕಿಂತ ಗಾಳಿಯ ಎತ್ತುವಿಕೆ ಚಿಂತೆ; ಮಣ್ಣಿಗೆ, ಹಲಗೆಗೆ ಬೋಲ್ಟು ನಿಲ್ಲದು, ಅದಕ್ಕೂ ಅದೇ ಚೌಕಟ್ಟು. ಅಡುಗೆಕಟ್ಟೆಯನ್ನು ಗೋಡೆಗೆ ಹೊಂದಿಸಿ ಕಟ್ಟುವ ಬದಲು ಕಾಲಿನ ಮೇಲೆ ನಿಲ್ಲಿಸಿ, ಹಿಂದೆ ಒಂದು ಇಂಚು ಬಿಡಿ.

ಕರೆಂಟು

ಹಳೆ ವೈರಿಂಗ್ ಎರಡು ತಂತಿಯದು, ಅರ್ಥಿಂಗ್ ಇರುವುದಿಲ್ಲ. ಪೂರ್ತಿ ಬಿಚ್ಚಿ. ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರ, 10 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್), ಪ್ಲಗ್ಗಿಗೆ 2.5, 16 ಆಂಪಿಯರ್. ಏಸಿ, ಗೀಸರಿಗೆ ಒಂದೊಂದಕ್ಕೂ ಪ್ರತ್ಯೇಕ 4 ಚದರ ಮಿ.ಮೀ., 20 ಆಂಪಿಯರ್. ಇಡೀ ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ ಎಂದೇ ತಿಳಿಯಿರಿ, ಏಕೆಂದರೆ ಒದ್ದೆ ಮಣ್ಣಿನ ಗೋಡೆಗೆ ಕರೆಂಟ್ ಸೋರಿದರೆ ಗೋಡೆಯೇ ಹೊಡೆಯುತ್ತದೆ. ಏಸಿ ಸೇರಿಸುವಾಗ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಏರಿಸಿಕೊಳ್ಳಿ.

ವೈರನ್ನು ಮಾಳಿಗೆಯ ಮಣ್ಣಿನಲ್ಲಿ ಹೂಳಬೇಡಿ, ಇಲಿ ಬಿಡುವುದಿಲ್ಲ. ತೊಲೆಯ ಪಕ್ಕದ ಮೈಯಲ್ಲಿ ಕಬ್ಬಿಣದ ಕೊಳವೆಯಲ್ಲಿ ಓಡಿಸಿ. ತೂತು ಕೊರೆಯಲೇಬೇಕಾದರೆ ತೊಲೆಯ ಎತ್ತರದ ನಡುಭಾಗದಲ್ಲಿ ಕೊರೆಯಿರಿ. ತೊಲೆಯ ಕೆಳಮೈ ಎಳೆತದಲ್ಲಿರುತ್ತದೆ, ಅಲ್ಲಿನ ಫ್ಯಾನ್ ಹುಕ್ಕಿನ ತೂತಿನಿಂದಲೇ ಸೀಳು ಶುರುವಾಗುತ್ತದೆ. ಫ್ಯಾನನ್ನು ತೊಲೆಯ ಸುತ್ತ ಹಾಕಿದ ಕಬ್ಬಿಣದ ಬಳೆಗೆ ನೇತು ಹಾಕಿ. ಅರ್ಥಿಂಗ್ ಗುಂಡಿ ಎರೆ ಭೂಮಿಯಲ್ಲಿ ಬೇಸಿಗೆಗೆ ಕುಗ್ಗಿ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಫೆಬ್ರವರಿಯಿಂದ ಜೂನ್‌ವರೆಗೆ ವಾರಕ್ಕೊಂದು ಕೊಡ ನೀರು ಹಾಕುವುದನ್ನು ತುಳಸಿಗೆ ನೀರು ಹಾಕುವವರ ಪಾಲಿಗೇ ಬಿಡಿ, ಮರೆಯುವುದಿಲ್ಲ.

ಗೀಸರ್, ಟಿವಿ, ಕಪಾಟು ಮಣ್ಣಿನ ಗೋಡೆಗೆ ಸ್ಕ್ರೂ ಹಿಡಿಯವು. ಎರಡು ಕಂಬದ ನಡುವೆ 3 ಇಂಚು ಅಗಲದ ಕಟ್ಟಿಗೆ ಪಟ್ಟಿ ಹೊಡೆದು ಅದಕ್ಕೆ ತೂಗಿಸಿ.

ಸೆಕೆ, ಬೆಳಕು

ಬಿಳಿ ಮಾಳಿಗೆ, ದಪ್ಪ ಗೋಡೆ, ರಾತ್ರಿ ತೆರೆದ ಬೆಳಕಿಂಡಿ, ಇಷ್ಟಿದ್ದರೆ ವಿಜಯಪುರದ ಏಪ್ರಿಲ್ ಕೂಡ ಕೂಲರಿನಲ್ಲಿ ಕಳೆಯುತ್ತದೆ. ಗಾಳಿ ಒಣಗಿರುವುದರಿಂದ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಎದುರು ಕಿಟಕಿ ತೆರೆದಿದ್ದರೆ ಮಾತ್ರ. ಏಸಿ ಹಾಕುವುದಾದರೆ ಒಂದೇ ಕೋಣೆಗೆ ಹಾಕಿ, ಹೊರಯಂತ್ರವನ್ನು ನೆಲದ ಸ್ಟ್ಯಾಂಡಿನ ಮೇಲಿಡಿ. ತೊಟ್ಟಿಕ್ಕುವ ನೀರಿನ ಸಣ್ಣ ಕೊಳವೆಯನ್ನು ಗೋಡೆ ಪಕ್ಕ ಬಿಟ್ಟರೆ ದಿನಕ್ಕೆ ಹಲವು ಲೀಟರ್ ಬುಡಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೆ ಆ ಮೂಲೆ ಕೂರುತ್ತದೆ.

ಬೆಳಕಿಂಡಿಯನ್ನು ಒಂದು ಜಂತಿಯ ಸಂದಿಯಷ್ಟೇ ಅಗಲ ಮಾಡಿ, ಜಂತಿ ಕತ್ತರಿಸಬೇಡಿ. ಸುತ್ತ ಮಾಳಿಗೆಯಿಂದ 9 ಇಂಚು ಎತ್ತರ ಕಟ್ಟೆ, ಬದಿಗೆ ಜಾಲರಿ, ಮೇಲೆ 6 ಮಿ.ಮೀ. ಟಫನ್ಡ್ ಗಾಜು ಅಂಚು ಮೀರಿ 3 ಇಂಚು ಚಾಚಿರಲಿ. ಹೊಸ ಕಿಟಕಿ ಮೂಲೆಯಿಂದ ಮೂರು ಅಡಿ ಒಳಗೆ ಬೇಡ, ಮೇಲಿನ ಕಲ್ಲಿನ ತೊಲೆ ಎರಡೂ ಬದಿಗೆ ಒಂದೊಂದು ಅಡಿ ಗೋಡೆಯ ಮೇಲೆ ಕೂರಬೇಕು.

ಬೆಳಗಾವಿ, ಖಾನಾಪುರ ಕಡೆಯ ಹಂಚಿನ ಮನೆಯವರಿಗೆ ಮಣ್ಣಿನ ಭಾರದ ಚಿಂತೆ ಇಲ್ಲ, ಮಳೆಯದು ಇದೆ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ಒಡೆಯುವ ಲೆಕ್ಕಕ್ಕೆ ನೂರಕ್ಕೆ ಹತ್ತು ಹೆಚ್ಚು ತನ್ನಿ. ಹಳೆ ಹಂಚಿನ ಅಚ್ಚಿಗೂ ಹೊಸದರ ಅಚ್ಚಿಗೂ ಕೂಡದು, ಹಾಗಾಗಿ ಹಳೆಯ ಗಟ್ಟಿ ಹಂಚನ್ನೆಲ್ಲ ಬೀದಿ ಕಡೆಯ ಇಳಿಜಾರಿಗೆ ಒಟ್ಟುಮಾಡಿ, ಹೊಸದನ್ನು ಹಿಂಬದಿಗೆ ಹಾಕಿ.

ಕಟ್ಟಿಗೆ

ಗೆದ್ದಲಿಗೆ ಗೋಡೆಯ ಬುಡದಲ್ಲಿ ಒಂದೊಂದು ಅಡಿಗೆ ತೂತು ಕೊರೆದು ಇಮಿಡಾಕ್ಲೋಪ್ರಿಡ್ 30.5 ದ್ರಾವಣ, ಲೀಟರ್ ನೀರಿಗೆ 2.1 ಮಿ.ಲೀ. ಬಾವಿ, ಬೋರ್‌ವೆಲ್ ಹತ್ತಿರ ಬೇಡ. ಬಾಗಿಲು, ಕಂಬದ ತಲೆಯ ಬೋದಿಗೆಯ ಕೆತ್ತನೆ ಮೇಲೆ ಎನಾಮೆಲ್ ಪೇಂಟ್ ಬಳಿದಿದ್ದರೆ ಸ್ಯಾಂಡರ್ ಮಶೀನ್ ಹಚ್ಚಬೇಡಿ. ಕೆತ್ತನೆಯ ಅಂಚು ಹೋಗುತ್ತದೆ, ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಧೂಳೂ ವಿಷ. ಪೇಂಟ್ ರಿಮೂವರ್ ಹಚ್ಚಿ, ಬಿದಿರಿನ ಚೂಪಿನಿಂದ ಕೆರೆಯಿರಿ. ಅಡುಗೆಮನೆಯ ಹೊಗೆಮಸಿ ಹಿಡಿದ ತೊಲೆಯನ್ನು ಒಣ ಬ್ರಷ್ಷಿನಿಂದ ಉಜ್ಜಿ ಬಿಡಿ, ತೊಳೆಯಬೇಡಿ. ಆಮೇಲೆ ಅಗಸೆ ಎಣ್ಣೆ, ಟರ್ಪೆಂಟೈನ್ ಸಮಪಾಲು ಒಂದು ಕೈ, ವಾರ ಬಿಟ್ಟು ಬರೀ ಎಣ್ಣೆ ಒಂದು ಕೈ. ಹದಿನೈದು ನಿಮಿಷಕ್ಕೆ ಮೇಲುಳಿದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಜಿಗುಟಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ, ಇಲ್ಲವೆ ನೀರಿನ ಬಕೆಟ್ಟಿಗೆ ಹಾಕಿ.

ಮೊದಲ ಮಳೆಗಾಲ

ಮೊದಲ ದೊಡ್ಡ ಮಳೆ ನಿಂತ ಅರ್ಧ ಗಂಟೆಗೆ ಮಾಳಿಗೆ ಹತ್ತಿ. ನೀರು ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ, ಒಣಗಿದ ಮೇಲೆ ಅಲ್ಲಿ ಮೊಸಾಯಿಕ್ ಎತ್ತಿ ಮಟ್ಟ ಸರಿಮಾಡಿಸಬೇಕು. ಕೆಳಗೆ ಬಂದು ತೊಲೆಯ ತುದಿಗಳನ್ನು ಕೈಯಿಂದ ಮುಟ್ಟಿ ನೋಡಿ, ತಣ್ಣಗೆ ಹತ್ತಿದರೆ ಮೇಲಿನ ಕುಂಬಿ ಮೂಲೆಯಲ್ಲಿ ಹಾಳೆ ಸರಿದಿದೆ. ಗೋಡೆಯ ಗಾಜುಗಳನ್ನು ಸೆಪ್ಟೆಂಬರ್ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ನೋಡಿ. ಕಿಟಕಿಯ ಮೂಲೆಯಿಂದ ಮನೆಯ ಮೂಲೆಗೆ ಓರೆಯಾಗಿ ಬಿರಿದಿದ್ದರೆ ಬುನಾದಿ ಕೂತಿದೆ, ಆ ಬದಿಯಲ್ಲಿ ಸೋರುವ ಪೈಪು ಹುಡುಕಿ. ತೊಲೆಯ ಮಟ್ಟದಲ್ಲಿ ಅಡ್ಡಕ್ಕೆ ಬಿರಿದಿದ್ದರೆ ಮಾಳಿಗೆ ಗೋಡೆಯನ್ನು ತಳ್ಳುತ್ತಿದೆ, ಎಂಜಿನಿಯರನ್ನು ಕರೆಯಿರಿ. ಹಳೆ ಗೋಡೆಗೆ ಹೊಸ ಗೋಡೆ ಸೇರುವಲ್ಲಿ ನೆಟ್ಟಗೆ ಬಿರಿದಿದ್ದರೆ ಅದು ಸಹಜ, ಆ ಸಂದಿಯನ್ನು ಸಂದಿಯಾಗಿಯೇ ಬಿಡಿ. ಒಡೆದ ಗಾಜಿನ ಪಕ್ಕದಲ್ಲೇ ಹೊಸದನ್ನು ಅಂಟಿಸಿ ತಾರೀಖು ಬರೆಯಿರಿ. ಅದು ಒಂದು ಬೇಸಿಗೆ ದಾಟುವವರೆಗೆ ಆ ಗೋಡೆಗೆ ಗಿಲಾವ ಬೇಡ.